ಬುಧವಾರದ ರೊಟ್ಟಿ ಎಲ್ಲಿ ಹೋಯಿತು?

ಅಡುಗೆಮನೆಯೊಳಗೆ ಯಾವ ಹೊಸ ವಸ್ತು ಬಂದರೂ ಮೊದಲ ಕೆಲವು ವಾರ ಅದು ನಮ್ಮ ಕೆಲಸ ಮಾಡುವುದಿಲ್ಲ, ನಾವೇ ಅದರ ಸೇವೆ ಮಾಡುತ್ತೇವೆ. ಗೋವೆಯ ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನೋಡಿಕೊಳ್ಳುವ ನನಗೆ ಈ ಅನುಭವ ಹೊಸದಲ್ಲ. ದೊಡ್ಡ ಗ್ರೈಂಡರ್ ಬಂದಾಗ ನಡೆದದ್ದೇ ಪಾತ್ರೆ ತೊಳೆಯುವ ಯಂತ್ರ ಬಂದಾಗಲೂ ನಡೆಯಿತು. ಈ ಸಲ ಬಂದದ್ದು ಮಾತ್ರ ಕರೆಂಟು ಕುಡಿಯುವ ಯಂತ್ರವಲ್ಲ, ಮನೆಮನೆಯಾಗಿ ಗೆರೆ ಎಳೆದ ಒಂದು ಬಿಳಿ ಪರದೆ. ಅದಕ್ಕೆ ಸ್ಪ್ರೆಡ್‌ಶೀಟ್ ಅನ್ನುತ್ತಾರೆ. ನಾವು ಬಾಯಿಗೆ ಸುಲಭವಾಗಲಿ ಎಂದು ಶೀಟು ಅಂದೆವು. ಈಗ ಎಲ್ಲ ಸುಖವಾಗಿ ಮುಗಿದಿರುವುದರಿಂದ ನಗುತ್ತಾ ಬರೆಯುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ, ಬಂದರೂ ಅರ್ಧಕ್ಕೇ ನಿಲ್ಲುತ್ತಿತ್ತು.

ನಮ್ಮಲ್ಲಿ ಕೊಂಕಣಿ, ಹಿಂದಿ, ಮರಾಠಿ, ಕನ್ನಡ ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಮ್ಯಾನೇಜರ್ ಸಾಹೇಬರೂ ಎಚ್.ಆರ್. ಮೇಡಮ್ಮೂ ಗೋವೆಯವರು, ಆಡಿದ್ದು ಹಿಂದಿ. ಅದನ್ನು ನಮ್ಮ ಮಾತಿಗೆ ತಂದು ಹೇಳುತ್ತಿದ್ದೇನೆ.

೧. ಸಡಿಲಾದ ಬೆಲ್ಟು

ಸಾಂಕೋಲೆಯ ಕಾರ್ಖಾನೆಯಿಂದ ಬದಲಿಯಾಗಿ ಬಂದ ಹೊಸ ಮ್ಯಾನೇಜರ್ ಸಾಹೇಬರು ಮೊದಲ ದಿನವೇ ಶೆಡ್ಡೆಲ್ಲ ಸುತ್ತಿ ನಮ್ಮ ಕ್ಯಾಂಟೀನಿನ ಹಿಂಬಾಗಿಲ ಹತ್ತಿರ ಬಂದರು. ಬಂದವರು ಗಕ್ಕನೆ ನಿಂತು ಕಿವಿಗೊಟ್ಟರು. ಒಳಗಿಂದ ಪಟಪಟ, ಪಟಪಟ ಸದ್ದು ಬರುತ್ತಿತ್ತು. ತಕ್ಷಣ ಫೋನ್ ಎತ್ತಿ ಫಿಟ್ಟರನನ್ನು ಕರೆದರು. "ಯಾವುದೋ ಬೆಲ್ಟು ಸಡಿಲಾಗಿ ಬಡಿದುಕೊಳ್ಳುತ್ತಿದೆ. ಬೇಗ ಬಾ, ಹರಿದು ಹೋದೀತು."

ಫಿಟ್ಟರು ನಮ್ಮ ಇಳಕಲ್ ಕಡೆಯವನು. ನಟ್ಟು ಬಿಗಿಯುವ ಪಾನಾ, ಎಣ್ಣೆ ಡಬ್ಬಿ ಹಿಡಿದುಕೊಂಡು ಓಡಿ ಬಂದ. ಸದ್ದಿನ ಜಾಡು ಹಿಡಿದು ಒಳಗೆ ಹೋಗಿ ನೋಡಿದರೆ, ಮೂಲೆಯಲ್ಲಿ ನಾವೆಲ್ಲ ರೊಟ್ಟಿ ಅಕ್ಕ ಎಂದು ಕರೆಯುವಾಕೆ ಹಲಗೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವನು ಪಾನಾ ಕಿಸೆಗೆ ಸೇರಿಸಿ, ಹಂಚಿನ ಮೇಲಿಂದ ಆಗತಾನೇ ಇಳಿದ ರೊಟ್ಟಿಯನ್ನು ಕೈಗೆತ್ತಿಕೊಂಡು ಹೊರಗೆ ಬಂದ.

"ಸರ, ಇದು ಬಿಗಿ ಮಾಡೂದಲ್ರಿ, ತಿನ್ನೂದು," ಎಂದ.

ಸಾಹೇಬರಿಗೆ ನಗು ಬರಲಿಲ್ಲ. ಹೊಸದಾಗಿ ಬಂದ ದಿನ ಇಡೀ ಫ್ಯಾಕ್ಟರಿಯ ಎದುರು ರೊಟ್ಟಿಗೆ ಪಾನಾ ತರಿಸಿದ ಮನುಷ್ಯನಿಗೆ ನಗು ಎಲ್ಲಿಂದ ಬಂದೀತು? ಮಧ್ಯಾಹ್ನ ನನ್ನನ್ನು ಕರೆಸಿದರು. ಈ ರೊಟ್ಟಿ ಮೂಲೆ ತುಂಬ ಜಾಗ ತಿನ್ನುತ್ತಿದೆ, ಹೊಗೆ ಬೇರೆ. ಅದನ್ನು ತೆಗೆದು ಅಲ್ಲಿ ಚಪಾತಿ ಯಂತ್ರ ಇಡುವ ವಿಚಾರವಿದೆ. ಅಷ್ಟಕ್ಕೂ ಈ ರೊಟ್ಟಿ ಯಾರು ತಿನ್ನುತ್ತಾರೆ?

"ಎಲ್ಲಾರೂ ತಿಂತಾರ್ರಿ ಸರ," ಎಂದೆ.

"'ಎಲ್ಲಾರೂ' ಅನ್ನುವುದು ಅಂಕಿ ಅಲ್ಲ. ಒಂದು ತಿಂಗಳು ಶೀಟಿನಲ್ಲಿ ಲೆಕ್ಕ ಇಡಿ. ಗ್ರಾಫ್ ಮಾಡಿ ಕ್ಯಾಂಟೀನ್ ಮೀಟಿಂಗಿನಲ್ಲಿ ತೋರಿಸಿ. ಅಂಕಿ ಚೆನ್ನಾಗಿದ್ದರೆ ರೊಟ್ಟಿ ಇರುತ್ತದೆ. ಇಲ್ಲವಾದರೆ ಯಂತ್ರ ಬರುತ್ತದೆ."

ಯಂತ್ರ ಬಂದರೆ ರೊಟ್ಟಿ ಅಕ್ಕನಿಗೆ ಕೆಲಸವಿಲ್ಲ. ಸಿಂದಗಿ ಕಡೆಯಿಂದ ಬಂದು ಉಸಗಾಂವದಲ್ಲಿ ಒಂದು ಖೋಲಿ ಹಿಡಿದಿರುವ ಆಕೆಯ ಇಬ್ಬರು ಹೆಣ್ಣುಮಕ್ಕಳ ಶಾಲೆ ನಡೆಯುತ್ತಿರುವುದು ಆ ಹಂಚಿನ ಮೇಲೆಯೇ. ಆಕೆಗಷ್ಟೇ ಅಲ್ಲ, ನಮ್ಮ ಕಡೆಯ ಮಂದಿಗೂ ಆ ಹಂಚು ಬೇಕು. ದಿನವಿಡೀ ಯಂತ್ರದ ಜೊತೆ ಗುದ್ದಾಡಿ ಬಂದವರಿಗೆ ಒಂದು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಸಿಕ್ಕರೆ ಊರಿಗೆ ಹೋಗಿ ಬಂದಷ್ಟು ಸಮಾಧಾನ. ಭಾರವಾದ ಮನಸ್ಸಿನಿಂದ ಅಕ್ಕನಿಗೆ ವಿಷಯ ತಿಳಿಸಿದೆ.

"ಗ್ರಾಫ್ ಅಂದ್ರೇನ್ರಿ ಬಾಯಾರ?"

"ಎಷ್ಟ ರೊಟ್ಟಿ ಹೋದೂ ಅಂತ ತೋರ್ಸೂ ಚಿತ್ರ."

"ಚಿತ್ರ ಯಾಕ್ರಿ? ಒಂದ ರೊಟ್ಟಿ ತಿನ್ಸಿ ಬಿಡ್ರಿ, ತಿಳೀತೈತಿ."

"ಅವರು ನಮ್ಮಲ್ಲಿ ಉಣ್ಣೂದಿಲ್ಲವ್ವಾ. ಡಾಕ್ಟರ್ ಎರಡಕ್ಕಿಂತ ಹೆಚ್ಚು ಬ್ಯಾಡ ಅಂದಾರಂತ. ಹೇಣ್ತಿ ಎರಡ ಫುಲ್ಕಾ ಎಣಿಸಿ ಡಬ್ಬಿಗೆ ಹಾಕಿ ಕಳಸ್ತಾರ. ಮ್ಯಾಲೆ ಮಧ್ಯಾಹ್ನ ಫೋನ್ ಮಾಡಿ ಕೇಳ್ತಾರ."

ಅಕ್ಕ ಹಿಟ್ಟಿನ ಕೈ ಸೊಂಟಕ್ಕಿಟ್ಟು ಸಾಹೇಬರ ಆಫೀಸಿನ ಕಡೆ ನೋಡಿದಳು. ಆಕೆಯ ಮುಖದಲ್ಲಿ ಸಿಟ್ಟು ಹೋಗಿ ಕರುಣೆ ಬಂದಿತ್ತು.

"ಎರಡ ಫುಲ್ಕಾದ ಮ್ಯಾಲೆ ದಿನಾ ನೂಕೂ ಮನಷ್ಯಾಗ ಸಿಟ್ಟು ಬರಲಾರದ ಇನ್ನೇನ ಬರತೈತ್ರಿ?"

೨. ಕೈ ತೊಳೆಯುವ ಶಾಸ್ತ್ರ

ಶೀಟು ಕಲಿಸುವ ಕೆಲಸ ಎಚ್.ಆರ್. ಮೇಡಂ ಪಾಲಿಗೆ ಬಂತು. ಪಣಜಿ ಕಡೆಯ ಹುಡುಗಿ, ಸಮಾಧಾನದ ಸ್ವಭಾವ. ಶನಿವಾರ ಊಟದ ನಂತರ ಅವಳ ಕೋಣೆಯಲ್ಲಿ ನಮ್ಮ ಪಾಠ. ವಿದ್ಯಾರ್ಥಿಗಳು ಇಬ್ಬರು: ನಾನು, ಮತ್ತು ಸ್ಟೋರ್ ನೋಡಿಕೊಳ್ಳುವ ಕಾಕಾ. ಕಾಕಾ ವಿಜಯಪುರದವರು, ನಿವೃತ್ತಿಗೆ ಹತ್ತಿರ. ಹಿಟ್ಟು, ಅಕ್ಕಿ, ಬೇಳೆ ಅಳೆದು ಕೊಡುವುದು ಅವರೇ. ಅಳೆಯುವಾಗ ತುಟಿಯೊಳಗೇ ಎಣಿಸುತ್ತಿರುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ ಎಲ್ಲ ಸುರುವಿ ಮತ್ತೆ ಮೊದಲಿಂದ ಅಳೆಯುತ್ತಾರೆ. ಏಸಿಯ ಥಂಡಿ ತಡೆಯದೆ ಪಾಠಕ್ಕೆ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದರು. ಗೋವೆಯ ಮೇ ತಿಂಗಳಿನಲ್ಲಿ ಮಫ್ಲರ್ ಕಟ್ಟಿದ ಮನುಷ್ಯನನ್ನು ನೋಡಿ ಗೇಟಿನ ವಾಚ್‌ಮನ್ ಜ್ವರದ ಗುಳಿಗೆ ಕೊಡಲು ಬಂದಿದ್ದ.

ಮೊದಲ ಪಾಠ ಕೂಡಿಸುವುದು. ಕಾಕಾ ಒಂದು ಮನೆಯಲ್ಲಿ ಹನ್ನೆರಡು, ಕೂಡಿಸು ಚಿಹ್ನೆ, ಹದಿನೈದು ಎಂದು ಹೊಡೆದು, ಕೈ ಕಟ್ಟಿ ಉತ್ತರಕ್ಕಾಗಿ ಕಾಯುತ್ತ ಕುಳಿತರು. ಕಂಪ್ಯೂಟರೂ ಅವರನ್ನೇ ನೋಡುತ್ತ ಕುಳಿತಿತು.

"ಕಾಕಾ, ಮೊದಲು ಸಮ ಚಿಹ್ನೆ ಹಾಕಬೇಕು," ಎಂದಳು ಮೇಡಂ.

"ಸಮ ಚಿಹ್ನಿ ಕಡೀಕ ಬರತೈತ್ರಿ ಮೇಡಂ. ಲೆಕ್ಕಾ ಬಿಡಿಸಬೇಕು, ಆಮ್ಯಾಲೆ ಸಮ ಹಾಕಿ ಉತ್ತರ ಬರೀಬೇಕು. ನಮ್ಮ ಮಾಸ್ತರ್ ಹಂಗ ಕಲಿಸ್ಯಾರ."

"ಇಲ್ಲಿ ಮೊದಲೇ ಹಾಕಬೇಕು. ಆಗಲೇ ಅದಕ್ಕೆ ಗೊತ್ತಾಗುವುದು, ತನಗೆ ಕೆಲಸ ಇದೆ ಅಂತ."

ಕಾಕಾನಿಗೆ ಒಪ್ಪಿಗೆಯಾಗಲಿಲ್ಲ. "ಇದು ಊಟಾ ಮಾಡೂಕಿಂತ ಮದಲ ಕೈ ತೊಳ್ಕೋ ಅಂದಂಗಾತು," ಎಂದು ಬೀಸಿದರು. ಆಮೇಲೆ ಮಫ್ಲರ್ ಸರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ, "ಹೌದ್ರಿ, ಮದಲೂ ತೊಳ್ಕೋತೀವಿ," ಎಂದು ಸಮ ಚಿಹ್ನೆ ಒತ್ತಿದರು.

೩. ಉತ್ತರಕ್ಕೆ ಖೋಲಿ ಸಾಲದು

ಇದು ಸಣ್ಣ ಸಂಗತಿ. ಮುಂದಿನ ಶನಿವಾರ ಕಾಕಾ ಒಂದಿಷ್ಟು ದೊಡ್ಡ ಅಂಕಿಗಳನ್ನು ಗುಣಿಸಿದರು. ಸಮ ಚಿಹ್ನೆ ಮೊದಲೇ ಹಾಕಿದ್ದರು. ಆದರೂ ಉತ್ತರದ ಮನೆಯಲ್ಲಿ ಅಂಕಿಯ ಬದಲು ಸಾಲಾಗಿ ಅಡ್ಡಗೆರೆ ಉದ್ದಗೆರೆಯ ಜಾಳಿಗೆ ಕಾಣಿಸಿತು. ಕಿಟಕಿಯ ಸರಳಿನ ಹಾಗೆ.

"ನಾ ಏನ ತಪ್ಪ ಮಾಡೀನ್ರಿ? ಉತ್ತರಾನ ಜೇಲಿಗೆ ಹಾಕೇತಲ್ಲ ಇದು."

ಮೇಡಂ ನಕ್ಕು, ಆ ಕಾಲಮ್ಮಿನ ಅಂಚು ಹಿಡಿದು ಬಲಕ್ಕೆ ಎಳೆದಳು. ಜಾಳಿಗೆ ಹೋಗಿ ಅಂಕಿ ಬಂತು. "ತಪ್ಪೇನೂ ಇಲ್ಲ ಕಾಕಾ. ಉತ್ತರ ದೊಡ್ಡದು, ಮನೆ ಚಿಕ್ಕದು. ಜಾಗ ಸಾಲದಿದ್ದರೆ ಹೀಗೆ ತೋರಿಸುತ್ತದೆ."

ಕಾಕಾ ನಾಲ್ಕು ಜನರ ಜೊತೆ ಒಂದೇ ಖೋಲಿಯಲ್ಲಿ ಇರುವವರು. ಪರದೆಯ ಕಡೆ ಬಗ್ಗಿ, ಅದಕ್ಕೆ ಮಾತ್ರ ಕೇಳುವ ಹಾಗೆ ಹೇಳಿದರು: "ಕಾಲ ಮಡಚ್ಕೊಂಡ ಮಕ್ಕೋಬೇಕಪಾ ತಮ್ಮಾ. ನಾವೂ ಹಂಗ ಇರೂದು."

೪. ಗುರುವಾರದ ಚಟ್ನಿ

ಮೂರನೆಯ ಪಾಠದಲ್ಲಿ ಮೇಡಂ ಒಂದು ಮಾಯೆ ಕಲಿಸಿದಳು. ಒಂದು ಮನೆಯಲ್ಲಿ 'ಮಂಡೇ' ಎಂದು ಬರೆದು, ಅದರ ಮೂಲೆಯ ಚುಕ್ಕೆ ಹಿಡಿದು ಕೆಳಗೆ ಎಳೆದರೆ ಸಾಕು, ಟ್ಯೂಸ್‌ಡೇ, ವೆನ್ಸ್‌ಡೇ ಎಲ್ಲ ತಾವಾಗಿ ಬಂದು ಸಾಲಾಗಿ ಕೂಡುತ್ತವೆ. ನನಗೆ ಇದು ಎಷ್ಟು ಹಿಡಿಸಿತೆಂದರೆ ಎಳೆಯುತ್ತಲೇ ಹೋದೆ. ಪರದೆ ಕೆಳಕ್ಕೆ ಓಡತೊಡಗಿತು. ಇಳಿಜಾರಿನಲ್ಲಿ ಬ್ರೇಕ್ ಸಿಗದ ಸೈಕಲ್ಲಿನ ಹಾಗೆ ನನ್ನ ಬೆರಳು ಮೌಸಿಗೆ ಅಂಟಿಕೊಂಡಿತ್ತು. ಕೊನೆಗೆ ನಿಂತಾಗ ಕಾಕಾ ಕನ್ನಡಕ ಏರಿಸಿ ನೋಡಿದರು.

"ತಂಗಿ, ನಾ ರಿಟೈರ್ ಆಗಿ ಊರಿಗೆ ಹ್ವಾದ ಮ್ಯಾಲಿನ ಮಂಡೇನೂ ಬಂದು ಕುಂತಾವು. ಅವಕ್ಕ ಇನ್ನೂ ಟೈಮ್ ಐತಿ, ವಾಪಸ್ ಕಳಸು."

ವಾಪಸ್ ಕಳಿಸಲು ಹೋಗಿ ಪಕ್ಕದ ಗುಂಡಿ ಒತ್ತಿದೆ. ಅದು ಪ್ರಿಂಟಿನದಂತೆ. ಮೂಲೆಯ ಪ್ರಿಂಟರು ಕೆಮ್ಮಿ ಎದ್ದು ಕುಳಿತು ವಾರಗಳನ್ನು ಹೊರಗೆ ಹಾಕತೊಡಗಿತು. ಮೇಡಂ ಓಡಿ ಹೋಗಿ ಪ್ಲಗ್ ಕೀಳುವ ಹೊತ್ತಿಗೆ ಒಂದು ಕಂತೆ ಕಾಗದ ಬಂದಿತ್ತು. ಎಸೆಯಲು ಮನಸ್ಸಾಗಲಿಲ್ಲ. ಅಡುಗೆಮನೆಗೆ ತಂದಿಟ್ಟೆ.

ರೊಟ್ಟಿ ಅಕ್ಕ ಹೆಚ್ಚು ಯೋಚಿಸುವವಳಲ್ಲ. ಆ ಕಾಗದ ಹರಿದು ದಿನಕ್ಕೊಂದರಂತೆ ತುಂಡು ಮಾಡಿ, ಬರಹ ಕಾಣುವ ಹಾಗೆ ತಟ್ಟೆಯಲ್ಲಿ ಹಾಸಿ, ಅದರ ಪಕ್ಕಕ್ಕೆ ರೊಟ್ಟಿ, ಕಾಗದದ ಅಂಚಿಗೆ ಅಂಟದಂತೆ ಒಂದು ಎಲೆ, ಎಲೆಯ ಮೇಲೆ ಶೇಂಗಾ ಚಟ್ನಿ ಇಟ್ಟು ಕೊಡತೊಡಗಿದಳು. ಸೋಮವಾರ ಯಾರೂ ಏನೂ ಅನ್ನಲಿಲ್ಲ. ಮರುದಿನ ಲೋಡಿಂಗಿನ ಒಬ್ಬ ಹುಡುಗ ತಟ್ಟೆ ಹಿಡಿದು ಕೌಂಟರಿಗೆ ವಾಪಸ್ ಬಂದ. ಮುಖ ಬಾಡಿತ್ತು.

"ಯಕ್ಕಾ, ಇವತ್ತ ಟ್ಯೂಸ್‌ಡೇ. ನಂಗ ಥರ್ಸ್‌ಡೇದ್ದು ಹಾಕೀರಿ. ಹೋದ ವಾರದ್ದೇನ್ರಿ ಚಟ್ನಿ?"

ಅಕ್ಕ ತಟ್ಟೆಯನ್ನು ನೋಡಲೂ ಇಲ್ಲ. "ಬರೂ ವಾರದ್ದಪಾ," ಎಂದಳು. "ಅಷ್ಟ ತಾಜಾ."

೫. ಬಿಳಿ ರೊಟ್ಟಿ

ಆಮೇಲೆ ಗ್ರಾಫಿನ ಪಾಠ. ಸುಮ್ಮನೆ ಅಭ್ಯಾಸಕ್ಕೆಂದು ಮನಸ್ಸಿಗೆ ಬಂದ ಅಂಕಿ ಹಾಕಿ ಅನ್ನ, ಚಪಾತಿ, ರೊಟ್ಟಿ ಮೂರಕ್ಕೂ ಒಂದೊಂದು ಕಂಬ ಬರಿಸಿದೆ. ನನ್ನ ಜನ್ಮದಲ್ಲಿ ನಾನು ಬರೆದ ಮೊದಲ ಚಿತ್ರ. ಶಾಲೆಯಲ್ಲಿ ಮಾವಿನಹಣ್ಣು ಬರೆದರೆ ಮಾಸ್ತರರು ಅದನ್ನು ಗಣಪತಿ ಎಂದು ತಿಳಿದು ಕೈ ಮುಗಿದಿದ್ದರು. ಈ ಕಂಬಗಳು ಮಾತ್ರ ನೆಟ್ಟಗೆ ನಿಂತಿದ್ದವು. ಹೆಮ್ಮೆಯಿಂದ ರೊಟ್ಟಿ ಅಕ್ಕನನ್ನು ಕರೆದು ತೋರಿಸಿದೆ.

"ಇದು ಅನ್ನ, ಇದು ಚಪಾತಿ. ಈ ಕೆಂಪಂದು ನಿನ್ನ ರೊಟ್ಟಿ."

ಅಕ್ಕನ ಮುಖ ಗಂಟಾಯಿತು. "ಕೆಂಪ್ಯಾಕ್ರಿ ಬಾಯಾರ? ಹೊತ್ತಾವು ಅಂತ ತಿಳ್ಕೋತಾರ ಮಂದಿ. ನನ್ನ ರೊಟ್ಟಿ ಎಂದಾರ ಕೆಂಪಾಗ್ಯಾವೇನ್ರಿ? ಹೊಸಾ ಸಾಹೇಬ, ಮದಲ ನನ್ನ ಮ್ಯಾಲೆ ಕಣ್ಣು. ಬೆಳ್ಳಗ ಮಾಡ್ರಿ. ಜ್ವಾಳದ ರೊಟ್ಟಿ ಹೆಂಗ ಇರ್ತೈತಿ, ಹಂಗ."

ನ್ಯಾಯವಾದ ಮಾತೇ. ಬಣ್ಣದ ಡಬ್ಬಿ ಹುಡುಕಿ ರೊಟ್ಟಿಯ ಕಂಬಕ್ಕೆ ಅಚ್ಚ ಬಿಳಿ ಹಾಕಿದೆ. ಅಕ್ಕ ಅಷ್ಟರಲ್ಲಿ ಹಂಚಿನ ಮೇಲೇನೋ ಇಟ್ಟದ್ದು ನೆನಪಾಗಿ ಓಡಿದಳು. ನಾನೂ ಶೀಟು ಮುಚ್ಚಿ ಎದ್ದೆ.

ಮರುದಿನ ಮೇಡಂ ನನ್ನನ್ನು ಕರೆದು ಗ್ರಾಫ್ ತೋರಿಸಿದಳು. ಅನ್ನ ಇತ್ತು, ಚಪಾತಿ ಇತ್ತು. ಅವುಗಳ ಪಕ್ಕ ಖಾಲಿ ಜಾಗ, ಕೆಳಗೆ 'ರೊಟ್ಟಿ' ಎಂಬ ಹೆಸರು. ಬಿಳಿಯ ಮೇಲೆ ಬಿಳಿ ಕಾಣುವುದಾದರೂ ಹೇಗೆ?

"ಬಾಯ್, ನೀವು ರೊಟ್ಟಿ ಉಳಿಸಲು ಕಲಿಯುತ್ತಿದ್ದೀರೋ, ಅಳಿಸಲು ಕಲಿಯುತ್ತಿದ್ದೀರೋ?" ಎಂದು ಕೇಳಿದಳು ಮೇಡಂ.

ನಾನು ಅಕ್ಕನ ಹತ್ತಿರ ಹೋಗಿ ಬಿಳಿ ಆಗುವುದಿಲ್ಲ, ಕಾಣುವುದೇ ಇಲ್ಲ, ಬೇರೆ ಬಣ್ಣ ಹೇಳು ಎಂದೆ. ಅಕ್ಕ ಬಹಳ ಹೊತ್ತು ಯೋಚಿಸಿ ಹಸಿರು ಎಂದಳು. ಹಸಿರು ಯಾಕೆ ಎಂದರೆ, "ಮಗ್ಗಲಕ ಮೆಣಸಿನಕಾಯಿ ಇಟ್ಟೀವಿ ಅಂತ ತಿಳಕೊಳ್ಳಲಿ."

೬. ಮೊದಲ ಬುಟ್ಟಿ

ಪಾಠ ಮುಗಿದ ಮೇಲೆ ಒಂದು ತಿಂಗಳಿಡೀ ಖರೇ ಲೆಕ್ಕ ಹಾಕಿದೆವು. ಅನ್ನ, ಚಪಾತಿಯ ಪಾತ್ರೆಗಳ ಲೆಕ್ಕ ನನ್ನದು. ರೊಟ್ಟಿಯ ಲೆಕ್ಕ ಕಾಕಾನದು, ಯಾಕೆಂದರೆ ಸ್ಟೋರಿನ ಬಾಗಿಲು ರೊಟ್ಟಿ ಮೂಲೆಯ ಪಕ್ಕದಲ್ಲೇ ಇದೆ. ರೊಟ್ಟಿ ಹೋಗುವುದು ಬುಟ್ಟಿಯಲ್ಲಿ. ಎಲ್ಲ ಬುಟ್ಟಿಯೂ ಒಂದೇ ಅಳತೆ. ಒಂದೊಂದು ದಿನಕ್ಕೆ ಶೀಟಿನಲ್ಲಿ ಒಂದೊಂದು ಕಾಲಂ, ಮೇಲೆ ತಾರೀಖು. ಬುಟ್ಟಿ ಹೊರಗೆ ಹೋದ ಹಾಗೆ ಅದರ ನಂಬರನ್ನು ಕಾಕಾ ಕೆಳಕೆಳಗೆ ಬರೆಯುತ್ತ ಹೋಗಬೇಕು. ಎಷ್ಟು ನಂಬರಿವೆ ಎಂದು ಎಣಿಸುವ ಕೆಲಸ ಕಂಪ್ಯೂಟರಿನದು. ಅದಕ್ಕೆ ಮೇಡಂ 'ಕೌಂಟ್' ಎಂಬ ಫಾರ್ಮುಲಾ ಹಾಕಿದ್ದಳು. ಕಾಕಾನಿಗೆ ಅನುಕೂಲವಾಗಲೆಂದು ಕನ್ನಡದ ಕೀಲಿಮಣೆಯನ್ನೂ ಹಾಕಿಕೊಟ್ಟಿದ್ದಳು. ಕಾಕಾ ಒಂದು ಬೆರಳಿನಲ್ಲಿ, ಹೊಲದಲ್ಲಿ ಕಾಳು ಊರಿದ ಹಾಗೆ, ಒಂದೊಂದೇ ಅಕ್ಷರ ಊರುತ್ತಿದ್ದರು.

ಮೀಟಿಂಗಿನ ದಿನ ಬಂತು. ಸಾಹೇಬರು, ಪ್ರತಿ ಪಾಳಿಯಿಂದ ಕೆಲಸಗಾರರ ಪ್ರತಿನಿಧಿಗಳು, ಮೇಡಂ, ನಾನು. ಗೋಡೆಯ ಮೇಲೆ ದೊಡ್ಡ ಪರದೆ. ಮೂರೂ ಲೆಕ್ಕ ಜೋಡಿಸಿ ಗ್ರಾಫ್ ತೆಗೆದದ್ದು ಮೇಡಂ, ಅದೂ ಆಗತಾನೇ. ಎದ್ದು ನಿಂತು ಹೇಳುವುದು ನಾನು. ನಾನು ಹೇಳಬೇಕಾದ ಮಾತನ್ನು ಬೆಳಿಗ್ಗೆ ಪಾವ್ ಭಾಜಿ ತಿನ್ನುವಾಗಿನಿಂದ ಬಾಯಿಪಾಠ ಮಾಡಿದ್ದೆ. 'ಸರ, ಈ ಹಸಿರು ಕಂಬ ನೋಡ್ರಿ' ಎಂದು ಶುರು.

ಗ್ರಾಫ್ ಬಂತು. ಅನ್ನದ ಕಂಬ ಎತ್ತರ, ಚಪಾತಿಯ ಕಂಬ ಎತ್ತರ, ರೊಟ್ಟಿಯದು ಗಿಡ್ಡ. ಬುಧವಾರ, ಶುಕ್ರವಾರ ಅಂತೂ ರೊಟ್ಟಿಗೆ ಕಂಬವೇ ಇಲ್ಲ. ಮತ್ತೆ ಬಿಳಿ ಬಣ್ಣ ಹಾಕಿದೆನೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಇಲ್ಲ, ಸೊನ್ನೆ.

"ಬುಧವಾರ ಮತ್ತು ಶುಕ್ರವಾರ ಒಬ್ಬರೂ ರೊಟ್ಟಿ ತಿಂದಿಲ್ಲ," ಎಂದರು ಸಾಹೇಬರು.

"ಆ ದಿನ ಮೀನು ಇರತೈತ್ರಿ ಸರ. ಭಾಳ ಮಂದಿ ಮೀನಿನ ಸಾರು ಅನ್ನಕ್ಕ ಹೋಗ್ತಾರ. ಆದರೂ ಒಂದ ಬುಟ್ಟಿ ಅಂತೂ ಹೋಗೇ ಹೋಗತೈತಿ."

"ಒಂದು ಬುಟ್ಟಿ ಹೋಗಿದ್ದರೆ ಒಂದು ಎಂದು ಬರಬೇಕಿತ್ತಲ್ಲ? ಕಂಪ್ಯೂಟರು ಸುಳ್ಳು ಹೇಳುತ್ತದೆಯೇ?" ಅವರು ಸ್ಟೋರಿನಿಂದ ಹಿಟ್ಟು ಹೋದ ಲೆಕ್ಕದ ಶೀಟು ತೆರೆಯಲು ಹೇಳಿದರು. ಅದರಲ್ಲಿ ಬುಧವಾರವೂ ಹಿಟ್ಟು ಹೋಗಿತ್ತು, ಶುಕ್ರವಾರವೂ ಹೋಗಿತ್ತು. ಸಾಹೇಬರ ದನಿ ಬದಲಾಯಿತು. "ಹಿಟ್ಟು ಹೋಗಿದೆ. ರೊಟ್ಟಿ ಬಂದಿಲ್ಲ. ಹಾಗಾದರೆ ಆ ಹೆಂಗಸು ಹಿಟ್ಟನ್ನು ಏನು ಮಾಡುತ್ತಾಳೆ?"

ಕೆಲಸ ಹೋಗುವುದು ಬೇರೆ, ಹೆಸರು ಹೋಗುವುದು ಬೇರೆ. ರೊಟ್ಟಿ ಅಕ್ಕ ಹಿಟ್ಟು ಸಾಗಿಸಿದಳು ಎಂಬ ಒಂದು ಮಾತು ಈ ಬಾಗಿಲು ದಾಟಿದರೆ, ಉಸಗಾಂವದ ಆ ಓಣಿಯಲ್ಲಿ ಆಕೆ ತಲೆ ಎತ್ತಿ ನಡೆಯುವುದು ಹೇಗೆ? ನನಗೆ ಅಳು ಬರುವ ಹಾಗಾಯಿತು. ಸಿಟ್ಟೂ ಬಂತು, ಆ ಬಿಳಿ ಪರದೆಯ ಮೇಲೆ.

"ಮೇಡಂ, ಕಾಕಾ ಬರೆದ ಶೀಟನ್ನೇ ತೆಗೀರಿ," ಎಂದೆ. "ಅವರು ಏನು ಹೊಡೆದಾರೋ ಅದನ್ನೇ ನೋಡೂಣು."

ಮೇಡಂ ತೆಗೆದಳು. ಬುಧವಾರದ ಕಾಲಂ. ಮೇಲೆ ತಾರೀಖು, ಅದರ ಕೆಳಗೆ ಕನ್ನಡದಲ್ಲಿ ಒಂದು ಪದ, ಅಷ್ಟೇ. ಗುರುವಾರದ ಕಾಲಂ. ತಾರೀಖು, ಅದೇ ಪದ, ಆಮೇಲೆ ಅಂಕಿಯಲ್ಲಿ ಎರಡು, ಮೂರು, ನಾಲ್ಕು.

"ಈ ಪದ ಹೆಡಿಂಗ್ ಅಂದುಕೊಂಡಿದ್ದೆ," ಎಂದಳು ಮೇಡಂ. ಅವಳಿಗೆ ಕನ್ನಡ ಓದಲು ಬಾರದು. "ಎಲ್ಲ ಕಾಲಮ್ಮಿಗೂ ಅದನ್ನೇ ಬರೆದಿದ್ದಾರೆ. ಏನದು?"

ನಾನು ಓದಿದೆ. ಓದಿದ ಕೂಡಲೇ ಕುರ್ಚಿಯ ಬೆನ್ನು ಹಿಡಿದುಕೊಂಡೆ, ಇಲ್ಲದಿದ್ದರೆ ನಗುವಿಗೆ ಕೆಳಗೆ ಕೂತುಬಿಡುತ್ತಿದ್ದೆ. ಕಾಕಾನನ್ನು ಕರೆಸಿದೆವು. ಏಸಿ ಇದೆ ಎಂದು ಮಫ್ಲರ್ ಸುತ್ತಿಕೊಂಡೇ ಬಂದರು.

"ಕಾಕಾ, ಬುಧವಾರ ಎಷ್ಟು ಬುಟ್ಟಿ ಹೋದೂ?"

"ಒಂದು."

"ಮತ್ತ ಒಂದು ಅಂತ ಯಾಕ ಬರದಿಲ್ಲ?"

ಕಾಕಾ ನನ್ನನ್ನು ಹೀಗೆ ನೋಡಿದರು: ನಮ್ಮ ಕಡೆಯವಳಾಗಿ ಇದನ್ನು ಕೇಳುತ್ತೀಯಲ್ಲ ಎಂದು. "ಅಳ್ಯಾಕ ಕುಂತಾಗ ಮದಲನೇದಕ್ಕ ಒಂದು ಅಂತಾರೇನವಾ? ಲಾಭ ಅಂತಾರ. ಲಾಭ, ಎರಡು, ಮೂರು. ನಮ್ಮಪ್ಪ ಕಣದಾಗ ಹಂಗ ಅಳೀತಿದ್ದ, ನಾನೂ ಹಂಗ ಅಳೀತೇನಿ. ದವಸದ ಲೆಕ್ಕಾನ ಒಂದು ಅಂತ ಶುರು ಮಾಡಿದ್ರ ಒಂದಕ್ಕ ನಿಲ್ಲತೈತಿ. ಅದಕ್ಕ ಬರದೇನಿ, ಲಾಭ."

ಮೇಡಂ ಹಣೆ ಹಣೆ ಬಡಿದುಕೊಂಡಳು. ಆ ಫಾರ್ಮುಲಾ ಅಂಕಿಯನ್ನು ಮಾತ್ರ ಎಣಿಸುತ್ತದಂತೆ, ಅಕ್ಷರ ಕಂಡರೆ ದಾಟಿ ಹೋಗುತ್ತದಂತೆ. ತಿಂಗಳ ಪ್ರತಿ ದಿನದ ಮೊದಲ ಬುಟ್ಟಿಯನ್ನೂ ಅದು ದಾಟಿ ಹೋಗಿತ್ತು. ಒಂದೇ ಬುಟ್ಟಿ ಹೋದ ಬುಧವಾರ, ಶುಕ್ರವಾರಗಳಿಗೆ ಸೊನ್ನೆ ಕೊಟ್ಟಿತ್ತು.

ನಾನು ಹಿಂದಿಯಲ್ಲಿ ಸಾಹೇಬರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಏನಾದರೂ ಬೈಯುತ್ತಾರೆಂದು ಕಾದೆ. ಅವರು ಪರದೆಯನ್ನೇ ನೋಡುತ್ತಿದ್ದರು.

"ನಮ್ಮ ಅಜ್ಜಿ," ಎಂದರು ಕೊನೆಗೆ. "ಅಂಗಳದಲ್ಲಿ ಭತ್ತ ಅಳೆಯುವಾಗ ನಾನು ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ಒಂದು ಅಂದರೆ ತಲೆಗೆ ಮೊಟಕುತ್ತಿದ್ದಳು. ಲಾಭ್, ದೋನ್, ತೀನ್." ಅವರ ಕೈ ತನ್ನಷ್ಟಕ್ಕೆ ತಲೆಯ ಮೇಲೆ ಹೋಯಿತು. ಇಷ್ಟು ವರ್ಷದ ಮೇಲೂ ಮೊಟಕಿದ ಜಾಗ ನೆನಪಿತ್ತು.

"ಕಾಕಾ, ಇನ್ನು ಮೇಲೆ ಒಂದು ಎಂದೇ ಬರೆಯುತ್ತೀರಾ?" ಎಂದು ಮೇಡಂ ಕೇಳಿದಳು.

"ಇಲ್ರಿ ಮೇಡಂ," ಎಂದರು ಕಾಕಾ, ಬಹಳ ಮರ್ಯಾದೆಯಿಂದ.

"ಬೇಡ, ಬೇಡ," ಎಂದರು ಸಾಹೇಬರು. "ಅವರು ಬದಲಾಗುವುದು ಬೇಡ. ಫಾರ್ಮುಲಾ ಬದಲಿಸು."

ಮೇಡಂ ಕೌಂಟ್ ಎಂಬುದರ ಕೊನೆಗೆ ಒಂದು 'ಎ' ಸೇರಿಸಿದಳು, ಅಷ್ಟೇ. ಆ ಒಂದಕ್ಷರಕ್ಕೆ ಅಕ್ಷರಗಳನ್ನೂ ಎಣಿಸುವ ಶಕ್ತಿ ಇದೆಯಂತೆ. ನಮ್ಮ ಕಣ್ಣೆದುರಿಗೇ ಹಸಿರು ಕಂಬಗಳು ಎದ್ದು ನಿಂತವು. ಬುಧವಾರ ಎದ್ದಿತು, ಶುಕ್ರವಾರ ಎದ್ದಿತು, ಗುರುವಾರ ಚಪಾತಿಯನ್ನೂ ದಾಟಿ ಹೋಯಿತು. ಪಾಳಿಯ ಪ್ರತಿನಿಧಿಗಳು ಗೋಲು ಬಿದ್ದ ಹಾಗೆ ಕೂಗಿದರು. ನನ್ನ ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದಂತಾಯಿತು. ಎಷ್ಟೋ ದಿನದ ಮೇಲೆ ಪೂರ್ತಿ ಉಸಿರು ತೆಗೆದುಕೊಂಡೆ. ಯಂತ್ರದ ವಿಚಾರ ಕೈಬಿಟ್ಟಿದ್ದೇನೆ, ಹೊಗೆಗೆ ಒಂದು ದೊಡ್ಡ ಫ್ಯಾನ್ ಕೂಡಿಸೋಣ ಎಂದು ಸಾಹೇಬರು ಅಲ್ಲೇ ಹೇಳಿದರು.

ಸುದ್ದಿ ಹೇಳಲು ಅಡುಗೆಮನೆಗೆ ಓಡಿದೆ. ರೊಟ್ಟಿ ಅಕ್ಕ ಇಡೀ ಹಲಗೆಯ ಮೇಲೆ ಬೆಟ್ಟದಷ್ಟು ಹಿಟ್ಟು ನಾದಿಕೊಂಡು, ಬೆವರು ಸುರಿಸುತ್ತ ಬಡಿಯುತ್ತಿದ್ದಳು. ಸುತ್ತಲೂ ರೊಟ್ಟಿಯ ಗೋಪುರಗಳು.

"ಇದೇನ ಅಕ್ಕಾ?"

"ಹೋಗಾಕಿ ಅಂದ ಮ್ಯಾಲೆ ಡಬ್ಬಿ ಬರೀದು ಮಾಡಿ, ತೊಳದ ಇಟ್ಟ ಹೋಗಬೇಕಲ್ರಿ ಬಾಯಾರ. ಇದ್ದ ಹಿಟ್ಟೆಲ್ಲಾ ನಾದಿಬಿಟ್ಟೇನಿ. ನಾಳಿ ಯಾರೂ ಒಂದ ಮಾತ ಆಡಬಾರದು."

"ಹೋಗಾಕಿ ಅಲ್ಲವಾ, ಇರಾಕಿ," ಎಂದೆ.

ಅಕ್ಕ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಮುಖವೆಲ್ಲ ಬಿಳಿ, ಕಣ್ಣೀರಿನ ಎರಡು ಗೆರೆ ಮಾತ್ರ ಕಪ್ಪು. ಗೋಪುರಗಳ ಕಡೆ ತಿರುಗಿ, "ಹಂಗಾರ ಇವನ್ನ ತಿನ್ನಾಕ ಮಂದೀನ ಕರೀರಿ ಲಗೂನ," ಎಂದಳು.

ಮೀಟಿಂಗಿಗೆ ಮೀಟಿಂಗೇ ಎದ್ದು ಕ್ಯಾಂಟೀನಿಗೆ ಬಂತು. ಸಾಹೇಬರೂ ಬಂದು ಬೆಂಚಿನ ಮೇಲೆ ಕುಳಿತರು. ಆ ದಿನ ಅವರ ಡಬ್ಬಿ ತೆರೆಯಲೇ ಇಲ್ಲ. ಅಕ್ಕ ತಾನೇ ತಟ್ಟೆ ತಂದಿಟ್ಟಳು: ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಬೆಣ್ಣೆ, ಪಕ್ಕದಲ್ಲಿ ಹಸಿಮೆಣಸಿನಕಾಯಿ. ಸಾಹೇಬರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮೊದಲನೆಯದು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯದನ್ನು ಮುರಿಯುವ ಹೊತ್ತಿಗೆ ಸರಿಯಾಗಿ ಅವರ ಫೋನ್ ರಿಂಗಾಯಿತು. ಮನೆಯಿಂದ. ಎಷ್ಟು ತಿಂದಿರಿ ಎಂಬ ದನಿ ಇಡೀ ಬೆಂಚಿಗೆ ಕೇಳಿಸಿತು.

"ಎರಡೇ," ಎಂದರು ಸಾಹೇಬರು, ಕೈಯಲ್ಲಿದ್ದ ಮೂರನೆಯದಕ್ಕೆ ಬೆಣ್ಣೆ ಸವರುತ್ತ. "ಕಂಪ್ಯೂಟರಿನಲ್ಲೇ ಲೆಕ್ಕ ಇದೆ. ಬೇಕಾದರೆ ಶೀಟು ಕಳಿಸುತ್ತೇನೆ."

ಫೋನ್ ಇಟ್ಟ ಮೇಲೆ ಮೇಡಂ ಮೆಲ್ಲಗೆ, "ಸರ್, ಈಗ ಫಾರ್ಮುಲಾ ಬದಲಿಸಿ ಆಗಿದೆ. ಮೊದಲನೆಯದೂ ಲೆಕ್ಕಕ್ಕೆ ಬರುತ್ತದೆ," ಎಂದಳು.

"ಬದಲಿಸಿದ್ದು ಕ್ಯಾಂಟೀನಿಗೆ," ಎಂದರು ಸಾಹೇಬರು. "ನನಗೆ ಹಳೆಯದೇ ಇರಲಿ."